ಹಲಸೂರು ಕೆರೆಯ ದೋಣಿಗೆ ಹೊಸ ಹಲಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಲಸೂರು ಕೆರೆಯಲ್ಲಿ ಮೋಟಾರು ದೋಣಿ ಓಡಿಸುತ್ತಿದ್ದೆ. ರಾಯಚೂರು ಕಡೆಯಿಂದ ಬಂದು ಕೃಷ್ಣರಾಜಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಜೋತುಬಿದ್ದು ಕೆಲಸಕ್ಕೆ ಬರುತ್ತಿದ್ದೆ.

ನಮ್ಮದು ಹಳೆಯ ಫೈಬರ್ ದೋಣಿ. ಅದರ ಹಿಂಬದಿಯಲ್ಲಿ, ನೀರಿಗಿಂತ ಗೇಣು ಮೇಲೆ, ಅಗಲವಾದ ಒಂದು ಹಲಗೆ ಚಾಚಿಕೊಂಡಿತ್ತು. ನೀರಿಗಿಳಿದವರು ದೋಣಿ ಹತ್ತಲು ಅದೇ ದಾರಿ. ಅದನ್ನು ಬಳಸುತ್ತಿದ್ದವರು ಹೆಚ್ಚಾಗಿ ನೀರಿಗೆ ಬಿದ್ದವರನ್ನು ಎತ್ತಲೆಂದೇ ಇದ್ದ ನಮ್ಮ ಈಜುಗಾರ, ಹಲಸೂರಿನಲ್ಲೇ ಹುಟ್ಟಿ ಬೆಳೆದು ಐವತ್ತು ದಾಟಿದ್ದ, ಮನೆಯಲ್ಲಿ ತಮಿಳಾಡುವ ಮನುಷ್ಯ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಮಿಳಿನಲ್ಲಿ ತಂಬಿ, ಅಂದರೆ ತಮ್ಮ, ಎನ್ನುತ್ತಿದ್ದರು.

ಒಂದು ಭಾನುವಾರ ಪೆಡಲ್ ದೋಣಿಯಲ್ಲಿ ಎದ್ದು ನಿಂತ ಹುಡುಗಿಯೊಬ್ಬಳು ನೀರಿಗೆ ಬಿದ್ದಳು. ಅಣ್ಣ ಹಾರಿ ಅವಳನ್ನು ಹಿಡಿದು ನಮ್ಮ ದೋಣಿಯವರೆಗೆ ತಂದರು. ಅವಳನ್ನು ಎತ್ತಿ ಕೂರಿಸಲು ಹಲಗೆಯ ಮೇಲೆ ಮೈಭಾರ ಹಾಕಿದ್ದೇ ತಡ, ಮೂಲೆ ಕುಸಿಯಿತು. ಇಬ್ಬರೂ ಮತ್ತೆ ನೀರಿಗೆ ಜಾರಿದರು. ನಾನು ಬಗ್ಗಿ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡೆ. ಅವಳು ಕೆಮ್ಮಿ, ಅತ್ತು, ಸುಧಾರಿಸಿಕೊಂಡಳು. ಅಣ್ಣ ಮಾತ್ರ ದೋಣಿಯ ಅಂಚು ಹಿಡಿದು ಬಹಳ ಹೊತ್ತು ನೀರಿನಲ್ಲೇ ಉಳಿದರು. ಮಾರನೆಯ ದಿನ ದಡ ಬಿಟ್ಟು ಏಳಲಿಲ್ಲ.

"ಹಲಗೆ ಸರಿ ಆಗೋವರ್ಗೂ ನಾನು ಇಳಿಯಲ್ಲ" ಎಂದರು.

ದೋಣಿಯನ್ನು ದಡಕ್ಕೆಳೆದೆವು. ಕಾರಿನ ಬಂಪರುಗಳಿಗೆ ತೇಪೆ ಹಾಕುತ್ತಿದ್ದ ಶಿವಾಜಿನಗರದ ಭಾಯ್ ಒಬ್ಬರು ರಿಪೇರಿಗೆ ಬಂದರು. ಹಲಗೆಯ ಮೇಲಿನ ಫೈಬರ್ ಪದರವನ್ನು ಕೊಯ್ದು ಎತ್ತಿದರೆ ಒಳಗಿನ ಪ್ಲೈವುಡ್ ಕಪ್ಪಗಾಗಿ, ನೆನೆದ ಹಿಂಡಿಯಂತೆ ಬೆರಳಿಗೆ ಅಂಟಿತು. ಸಡಿಲವಾದ ಸ್ಕ್ರೂ ತೂತಿನಿಂದ ಎಷ್ಟೋ ಕಾಲದಿಂದ ನೀರು ಒಳಗಿಳಿಯುತ್ತಿತ್ತು. ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ಬಿಸಿಲಿಗೆ ಬಿಟ್ಟೆವು. ನಡುವೆ ಮಳೆ ಬಂತು. ಟಾರ್ಪಾಲು ಹೊದಿಸಿದರೂ ತೇವ ನುಗ್ಗಿತ್ತು. ಭಾಯ್ ಒಳಗೆ ಕೈಯಾಡಿಸಿ ನೋಡಿ, "ಈಗ ಬೇಡ. ತೇವ ಇದ್ರೆ ಫೈಬರ್ ಹಿಡಿಯೋದಿಲ್ಲ" ಎಂದು ವಾಪಸು ಹೋದರು. ಮತ್ತೆ ಬಿಸಿಲಿಗೆ ಕಾದೆವು.

ಒಣಗಿದ ಮೇಲೆ ಅಣ್ಣನೂ ಉಪ್ಪುಕಾಗದ ಹಿಡಿದು ನನ್ನ ಪಕ್ಕ ಕೂತರು. ಅವರು ಎಡಗೈಯಲ್ಲಿ ಮಾತ್ರ ಉಜ್ಜುತ್ತಿದ್ದರು.

"ಬಲಗೈಗೆ ಏನಾಯ್ತಣ್ಣ?"

"ಭುಜ ಹಿಡ್ಕೊಂಡ್ಬಿಟ್ಟಿದೆ ತಂಬಿ, ಮೇಲಕ್ಕೆ ಏಳಲ್ಲ. ಆವತ್ತು ಹಲಗೆ ಕುಸೀತು, ನಿಜ. ಮೊದಲಿನ ಕೈ ಆಗಿದ್ರೆ ಆ ಮಗೂನ ಬಿಡ್ತಿರ್ಲಿಲ್ಲ."

"ಮನೇಲಿ ಗೊತ್ತಾ?"

"ಹೇಳಿಲ್ಲ. ಈಜೋಕಾಗಲ್ಲ ಅಂದ್ರೆ ನಾನು ಇಲ್ಲಿ ಯಾರು?"

ಅವರು ತಲೆಯೆತ್ತಿ ನನ್ನ ಮುಖ ನೋಡಲಿಲ್ಲ. ಅಲ್ಲೇ ಹೊಸ ಪ್ಲೈವುಡ್ ಅಳೆದು ಕೂರಿಸುತ್ತಿದ್ದ ಭಾಯ್ ಕೇಳಿಸಿಕೊಂಡಿದ್ದರು. "ಕೈಯಲ್ಲಿ ಯಾಕೆ ಹತ್ಬೇಕು? ಕಾಲಲ್ಲಿ ಹತ್ತಿ. ಹಲಗೆ ಕೆಳಗೆ ಒಂದು ಏಣಿ ಕಟ್ಟೋಣ" ಎಂದರು.

ಅವರೇ ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲು ಪೈಪಿನ ಏಣಿ ಮಾಡಿಸಿ ತಂದರು. ಬೇಕಾದಾಗ ನೀರಿಗಿಳಿಸಿ, ಬೇಡದಾಗ ಮಡಚಿಡಬಹುದಿತ್ತು. ಹಲಗೆಗೆ ಹೊಸ ಫೈಬರ್ ಹೊದಿಸಿ, ಅದು ಗಟ್ಟಿಯಾದ ಮೇಲೆ ಏಣಿಯನ್ನು ಬಿಗಿದರು.

ದೋಣಿಯನ್ನು ಮತ್ತೆ ನೀರಿಗೆ ಬಿಟ್ಟ ಬೆಳಿಗ್ಗೆ ಅಣ್ಣ ಅಂಗಿ ಕಳಚಿ ಇಳಿದರು. ಎಡಗೈಯಲ್ಲೇ ಒಂದು ಸುತ್ತು ಈಜಿ ಬಂದು ಏಣಿಗೆ ಕಾಲಿಟ್ಟರು. ನಿಧಾನವಾಗಿ ಹತ್ತಿ ಹಲಗೆಯ ಮೇಲೆ ನಿಂತು, ಎರಡೂ ಕಾಲಿನಿಂದ ಧಡಧಡ ತುಳಿದು ನೋಡಿದರು. ಅಲುಗಲಿಲ್ಲ. ನಕ್ಕರು.

"ನೀನೂ ಇಳಿ ತಂಬಿ, ನೋಡು ಹೆಂಗಿದೆ!"

"ನಂಗೆ ಈಜು ಬರಲ್ಲಣ್ಣ."

ಅವರು ಬಾಯಿ ಬಿಟ್ಟುಕೊಂಡು ನೋಡಿದರು. "ಇಷ್ಟು ದಿನ ಈಜು ಬರ್ದೇ ಇರೋನ ದೋಣೀಲಿ ಕೂತಿದ್ನಾ ನಾನು?"

ಆ ವಾರವೇ ಅವರು ಭುಜದ ನೋವಿನ ವಿಷಯ ಮನೆಯಲ್ಲೂ ಮೇಲಿನವರಿಗೂ ಹೇಳಿದರು. ಯಾರೂ ಅವರನ್ನು ಹೊರಗೆ ಹಾಕಲಿಲ್ಲ. ಜೊತೆಗೊಬ್ಬ ಈಜುಗಾರ ಬಂದ, ಅಷ್ಟೇ. ಅಣ್ಣ ಬಿಡುವಿನಲ್ಲಿ ನನ್ನನ್ನು ನೀರಿಗಿಳಿಸಿದರು. ಮೊದಮೊದಲು ಏಣಿ ಬಿಡಲು ನನಗೆ ಜೀವ ಬಾಯಿಗೆ ಬರುತ್ತಿತ್ತು. ಅವರು ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, "ಬಾಯ್ ಮುಚ್ಕೋ, ಕಾಲ್ ಬಡಿ, ನಾನಿದೀನಿ" ಎಂದು ಕೂಗುತ್ತಿದ್ದರು. ಮುಂದಿನ ಬೇಸಿಗೆಯ ಹೊತ್ತಿಗೆ ನಾನು ದೋಣಿಯ ಸುತ್ತ ಒಬ್ಬನೇ ಈಜಿ ಬರುತ್ತಿದ್ದೆ.