ಟಿವಿ ಒಡೆಸಿದ ಬಳೆ

ಆಗ ನನಗೆ ಅರವತ್ತೇಳು. ಐದು ವರ್ಷದ ಹಿಂದಿನ ಮಾತು. ರೇಡಿಯೋದಲ್ಲಿ ವಾರ್ತೆ ಓದೋರಿಗೆ ಅಳುವೂ ಬರಲ್ಲ, ನಗುವೂ ಬರಲ್ಲ. ನೀವು ಗಮನಿಸಿದ್ದೀರೋ ಇಲ್ಲವೋ, ನಾನು ಗಮನಿಸಿ ಬೈದಿದ್ದೀನಿ. ಅದಕ್ಕೂ ಎಷ್ಟೋ ವರ್ಷ ಮುಂಚೆ ನಮ್ಮ ಚಿನ್ನದ ಗಣಿ ಮುಚ್ಚಿದ ಸುದ್ದಿಯನ್ನೂ ಆ ದನಿ ಒಂದೇ ಉಸಿರಿಗೆ ಹೇಳಿ ಮುಗಿಸಿ ಟೊಮೇಟೊ ಧಾರಣೆಗೆ ಹೋಗಿತ್ತು. ಆ ಗಣಿಯಲ್ಲೇ ಬೆನ್ನು ಮುರಿದುಕೊಂಡಿದ್ದ ನನ್ನ ಗಂಡ ಪೆಟ್ಟಿಗೆ ಮೇಲೆ ಥೂ ಅಂತ ಉಗಿದ, ಒರೆಸಿದವಳು ನಾನು. ಅವನು ಸತ್ತ, ರೇಡಿಯೋ ಸಾಯಲಿಲ್ಲ. ಕೊಟ್ಟಿಗೆಯಲ್ಲಿಟ್ಟೆ, ಹಾಲು ಕರೆಯುವಾಗ ಹಾಕ್ತಿದ್ದೆ.

ಟಿವಿ ಹಾಗಲ್ಲ. ಅದು ನಮ್ಮ ಜೊತೆ ಎದೆ ಬಡಕೊಳ್ಳುತ್ತೆ. ನಮ್ಮ ಕೇರಿ ಹೆಂಗಸರಿಗೆಲ್ಲ ಅದು ಹೇಳಿದ್ದೇ ನಿಜ. ನನಗೂ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ?

ಒಂದು ಸಂಜೆ ನನ್ನ ನಾದಿನಿ ನಂಜಮ್ಮ ಓಡಿಬಂದಳು.

"ಅತ್ಗೆ, ನಮ್ ಸೀನನ ರೈಲು ಬಿದ್ದೋಯ್ತಂತೆ! ಟಿವೀಲಿ ತೋರುಸ್ತಾವ್ರೆ!"

ಸೀನ ನನ್ನ ಮಗ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಸಂಜೆ ರೈಲಿಗೆ ಬಂಗಾರಪೇಟೆಯಲ್ಲಿ ಇಳಿಯೋನು. ನಾನೂ ಸೊಸೆ ಲಕ್ಷ್ಮಿಯೂ ನಂಜಮ್ಮನ ಮನೆಗೆ ಓಡಿದೆವು. ಟಿವಿಯಲ್ಲಿ ಮಗುಚಿಬಿದ್ದ ಬೋಗಿಗಳು, ಬೆಂಕಿ, ಡಬಡಬ ವಾದ್ಯ. ಹೆಣಗಳ ರಾಶಿ, ಹೆಣಗಳ ರಾಶಿ ಅಂತ ಒಬ್ಬ ಕಿರುಚುತ್ತಿದ್ದ. ಸೀನನ ಫೋನು ಹತ್ತಲಿಲ್ಲ.

ನಾನು ಮತ್ತೆ ಮತ್ತೆ ನಂಬರು ಒತ್ತುತ್ತಿದ್ದೆ. ಅಷ್ಟರಲ್ಲಿ ಫಳ್ ಅಂತ ಸದ್ದು. ನಂಜಮ್ಮ ನನ್ನ ಸೊಸೆಯ ಎಡಗೈಯನ್ನ ಹೊಸ್ತಿಲಿಗೆ ಬಡಿದು ಬಳೆ ಒಡೆದಿದ್ದಳು! ಹೆಣ ಬಂದು, ಮಣ್ಣಾಗಿ, ತಿಥಿ ಹೊತ್ತಿಗೆ ಮಾಡೋ ಕೆಲಸ ಅದು. ಟಿವಿಯ ಅವಸರ ಅವಳ ಕೈಗೂ ಇಳಿದಿತ್ತು. ಬಲಗೈಗೆ ಬಂದಾಗ ಅವಳ ರಟ್ಟೆ ಹಿಡಿದೆ.

"ಬಿಡೇ! ರೇಡಿಯೋ ವಾರ್ತೆ ಆಗ್ಲಿ."

"ಅದ್ರಾಗೇನೈತೆ ಅತ್ಗೆ? ಸರ್ಕಾರದ್ದು, ಸತ್ತೋರ್ನ ಮುಚ್ಚಾಕ್ತದೆ."

"ಗಣಿ ಮುಚ್ಚಿದ್ನ ಅದು ಮುಚ್ಚಿಟ್ತೇನೇ? ಸುಮ್ಕೆ ಕೂತ್ಕೊ."

ಕೊಟ್ಟಿಗೆಯಿಂದ ರೇಡಿಯೋ ತಂದೆ. ಅದೇ ಒಣ ದನಿ: ಗೂಡ್ಸ್ ಬಂಡಿಯ ಡಬ್ಬಿ ಹಳಿ ತಪ್ಪಿದೆ, ಯಾರಿಗೂ ಪೆಟ್ಟಿಲ್ಲ, ಮಿಕ್ಕ ರೈಲುಗಳನ್ನ ಹಿಂದಿನ ಸ್ಟೇಷನ್ನುಗಳಲ್ಲಿ ನಿಲ್ಲಿಸಿದ್ದಾರೆ. ಆಮೇಲೆ ಹವಾಮಾನ. ನನಗೆ ಉಸಿರು ಬಂತು. ಸೊಸೆ ಮಾತ್ರ ಅಳು ನಿಲ್ಲಿಸಲಿಲ್ಲ.

"ಅವ್ರಿಗೆ ದುಃಖಾನೇ ಇಲ್ವಲ್ಲತ್ತೆ, ನಿಜ ಎಂಗಾಯ್ತದೆ?"

ರೈಲು ಬಿದ್ದ ಸುದ್ದಿಗಿಂತ ಅವಳ ಈ ಮಾತೇ ನನ್ನನ್ನ ಹೆದರಿಸಿತು. ನಮ್ಮ ಜೊತೆ ಅತ್ತವನ ಮಾತು ನಿಜ, ಯಾರಿಗೂ ಪೆಟ್ಟಿಲ್ಲ ಅಂತ ನೆಟ್ಟಗೆ ಹೇಳಿದವನು ಸುಳ್ಳ! ಯಾವಾಗಿಂದ ಹೀಗಾದೆವು, ನೀವೇ ಹೇಳಿ.

ಊಟದ ಹೊತ್ತಿಗೆ ಸೀನ ಬಂದ, ಮೈಯೆಲ್ಲ ಸಿಮೆಂಟು. ಮುದ್ದೆ ಇಡುತ್ತಿದ್ದ ಹೆಂಡತಿಯ ಕೈ ನೋಡಿ, "ಏನಮ್ಮೀ, ನನ್ನ ಅರ್ಧ ಸಾಯ್ಸಿಬಿಟ್ಯಾ?" ಅಂತ ನಕ್ಕ. ಅವಳು ಬರೀ ಕೈಯನ್ನ ಸೆರಗಿನೊಳಗೆ ಎಳಕೊಂಡಳು. ಆ ಹೊತ್ತಿಗೆ ನಂಜಮ್ಮನ ಮನೆ ಟಿವಿಯಲ್ಲಿ ಯಾರದೋ ಮದುವೆ ನಡೀತಿತ್ತು; ರಾಶಿ ಹಾಕಿದ್ದ ಹೆಣಗಳನ್ನ ಯಾವಾಗ ಎತ್ತಿದರೋ, ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಬೂದಿಕೋಟೆಯ ಬಳೆ ಅಂಗಡಿಯವನನ್ನ ಎಬ್ಬಿಸಿ ಹಸಿರು ಬಳೆ ತಂದೆ. ಸೊಸೆಯನ್ನ ಕರಕೊಂಡು ಹೋಗಿ ನಂಜಮ್ಮನ ಹೊಸ್ತಿಲ ಮೇಲೆ ಕೂರಿಸಿ, "ಒಡ್ದೋಳೇ ತೊಡ್ಸು" ಅಂದೆ. ಒಳಗೆ ಟಿವಿ ಕಿರುಚುತ್ತಿತ್ತು. ನಂಜಮ್ಮ ಎದ್ದು ಅದನ್ನ ಆರಿಸಿ ಬರೋವರೆಗೂ ಬಳೆ ಕೈಗೆ ಕೊಡಲಿಲ್ಲ.