ಬಂದವರಿಗೆ ಮೊದಲ ಸೂಜಿ

ಜೇವರ್ಗಿ ರಸ್ತೆಯ ಢಾಬಾಗಳಲ್ಲಿ ಎಚ್‌ಐವಿ ಪರೀಕ್ಷೆಗೆ ಲಾರಿ ಡ್ರೈವರುಗಳನ್ನು ಒಪ್ಪಿಸುವುದು ಆಗ ನನ್ನ ಕೆಲಸ. "ಹೆದರಬ್ಯಾಡ್ರಿ, ಇರಿವಿ ಕಡಿದಂಗ ಅಷ್ಟ" ಎಂದು ಒಂದು ದಿನ ಭಾಷಣ ಬಿಗಿದೆ. ಢಾಬಾದ ಮಾಲೀಕ ಮಲ್ಲಪ್ಪ ಎದ್ದು ನಿಂತ.

"ಬಂದವರಿಗೆ ಕೊಡಲಾರ್ದ ನಾವು ನೀರೂ ಕುಡಿಯಂಗಿಲ್ರಿ ಸಾಹೇಬ್ರ. ಮೊದಲ ನೀವು ಚುಚ್ಚಿಸ್ಕೊಳ್ರಿ."

ಹಿಂದೊಮ್ಮೆ ಆಪರೇಷನ್ನಿನಲ್ಲಿ ನನಗೆ ಏರಿಸಿದ್ದ ಯಾರದೋ ರಕ್ತ ನೆನಪಾಗಿ ಬೆವರಿದೆ. ಎಲ್ಲರೂ ನೋಡುತ್ತಿದ್ದರು, ತೋಳು ಚಾಚಿದೆ. ಆಮೇಲೆ ಅವನೂ ಚಾಚಿದ.

ಮುಂದಿನ ವಾರ ಫಲಿತಾಂಶಕ್ಕೆಂದು ಇಬ್ಬರೂ ದವಾಖಾನೆಯ ಬಾಗಿಲಲ್ಲಿ ನಿಂತೆವು.

"ಮೊದಲ ನೀವು ನಡೀರಿ" ಎಂದ.

"ಇದು ನಮ್ಮ ದವಾಖಾನಿ. ಇಲ್ಲಿ ಬಂದವ್ರು ನೀವ ಅಲ್ಲೇನ್ರಿ?" ಎಂದು ಅವನನ್ನೇ ಒಳಗೆ ತಳ್ಳಿದೆ.

ನಗುತ್ತ ಹೊರಬಂದವನು "ಹೆದರಬ್ಯಾಡ್ರಿ ಸಾಹೇಬ್ರ, ಇರಿವಿ ಕಡಿದಂಗ" ಎಂದು ನನ್ನ ಬೆನ್ನು ತಟ್ಟಿದ. ಒಳಗೆ ಹೋದೆ, ನನ್ನದೂ ನೆಗೆಟಿವ್ ಬಂದಿತ್ತು.

ಅಂದಿನಿಂದ ಢಾಬಾದಲ್ಲಿ ಭಾಷಣ ಅವನದೇ. ನಾನು ಚಹಾ ಕುಡಿಯುತ್ತ ತಲೆಯಾಡಿಸುವುದಷ್ಟೇ.