ಹಿಡಿಕೆ ಉದ್ದಕ್ಕೇ ಇತ್ತು

ಈರಣ್ಣನವರ ಬಲಗೈ ಸುಟ್ಟದ್ದು ಅವರ ಅಜಾಗ್ರತೆಯಿಂದಲ್ಲ, ನನ್ನಿಂದ. ಆಮೇಲೆ ನಾನು ಎಲ್ಲರ ಎದುರಿಗೆ ಹೇಳಿದ್ದು ಸುಳ್ಳು. ಕಾಗದದಲ್ಲಿ ಬರೆದು ಸಹಿ ಹಾಕಿದ್ದೂ ಸುಳ್ಳು. ಈ ಮೂರು ವಾಕ್ಯ ಬರೆಯಲು ನನಗೆ ಏಳು ವರ್ಷ ಬೇಕಾಯಿತು — ಬರೆದ ಮೇಲೂ ಕೈ ಹಗುರವಾಗಿಲ್ಲ.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಅದೊಂದನ್ನಾದರೂ ಸರಿಯಾಗಿ ಮಾಡಬೇಕು.

ಆಗ ನಾನು ಅಂಟು ಹಾಕುವ ಯಂತ್ರಗಳ ರಿಪೇರಿಯ ಕೆಲಸದಲ್ಲಿದ್ದೆ. ಮನೆ ರಾಜಾಜಿನಗರದಲ್ಲಿ. ಕೆಲಸ ಮಾಗಡಿ ರಸ್ತೆಯ ಆಚೀಚೆ, ಕೆಂಗೇರಿಯವರೆಗೆ, ಎಲ್ಲಿ ಯಂತ್ರ ನಿಂತರೆ ಅಲ್ಲಿ. ಕಾಮಾಕ್ಷಿಪಾಳ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಿತ್ತು. ಅಲ್ಲಿನ ಯಂತ್ರ ಗಟ್ಟಿ ಅಂಟನ್ನು ಟ್ಯಾಂಕಿನಲ್ಲಿ ಕರಗಿಸುತ್ತಿತ್ತು. ಗಾಳಿಯ ಬಲದಿಂದ ಏರಿಳಿಯುವ ಪಿಸ್ಟನ್ ಪಂಪು ಅದನ್ನು ಕೊಳವೆಯ ಮೂಲಕ ರಟ್ಟಿನ ಮೇಲೆ ಚಿಮ್ಮಿಸುತ್ತಿತ್ತು. ಆ ಅಂಟು ಕುದಿಯುವ ನೀರಿಗಿಂತ ಬಹಳ ಬಿಸಿ. ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ. ಇದು ಹೋಗುವುದಿಲ್ಲ, ಹಿಡಿದುಕೊಂಡು ಸುಡುತ್ತದೆ.

ಆ ಯಂತ್ರವನ್ನು ನಡೆಸುತ್ತಿದ್ದವರು ಈರಣ್ಣ. ಗದಗದ ಕಡೆಯವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನನ್ನನ್ನು 'ಡಾಕ್ಟರ್' ಎಂದು ಕರೆದು ಛೇಡಿಸುತ್ತಿದ್ದರು. ನಿಜಕ್ಕೂ ಯಂತ್ರದ ರೋಗ ಪತ್ತೆಹಚ್ಚುತ್ತಿದ್ದವರು ಅವರೇ. ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ನಾನು ಹೋದಾಗ ಅವರು ಪಂಪಿನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಕೇಳ್ರಿ ಡಾಕ್ಟರ್, ಕುಂಟಾಕತ್ತೈತಿ. ಏರೂದು ಸರಿ ಏರತೈತಿ. ಇಳಿಯೂದ ಮಾತ್ರ ದಬಕ್ಕನ ಬೀಳತೈತಿ."

ಅಷ್ಟು ಸಾಕಿತ್ತು. ಪಿಸ್ಟನ್ ಕೆಳಗಿಳಿಯುವಾಗ ಅಂಟು ಅದನ್ನು ತಡೆಯಬೇಕು. ತಡೆಯದೆ ಬೀಳುತ್ತಿದೆಯೆಂದರೆ ತಳದ ಉಕ್ಕಿನ ಗುಂಡು ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತಿಲ್ಲ, ಅಂಟು ಮುಂದೆ ಹೋಗದೆ ಟ್ಯಾಂಕಿಗೇ ವಾಪಸಾಗುತ್ತಿದೆ. ಬಿಚ್ಚಿ ನೋಡಿದೆ. ಗುಂಡಿನ ಕೆಳಗೆ ಸುಟ್ಟು ಕರಕಲಾದ ಅಂಟಿನ ಒಂದು ಚೂರು, ಸಾಸಿವೆಕಾಳಿನಷ್ಟು. ಗುಂಡನ್ನೂ ಅದು ಕೂರುವ ಬಳೆಯನ್ನೂ ಬದಲಾಯಿಸಿದೆ. ಮಧ್ಯಾಹ್ನದ ಹೊತ್ತಿಗೆ ಪಂಪು ಎರಡು ಕಡೆಗೂ ಒಂದೇ ಲಯದಲ್ಲಿ ಏರಿಳಿಯುತ್ತಿತ್ತು. ಆ ರಿಪೇರಿಯಲ್ಲಿ ದೋಷವಿರಲಿಲ್ಲ. ಪಂಪು ಆಮೇಲೆ ವರ್ಷಗಟ್ಟಲೆ ಓಡಿತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ —

ದೋಷವಿದ್ದದ್ದು ವಾಲ್ವಿನಲ್ಲಿ. ಅಂಟನ್ನು ಸೋಸುವ ಫಿಲ್ಟರಿನ ಕೆಳಗೆ ಒಂದು ಚಿಕ್ಕ ವಾಲ್ವು ಇರುತ್ತದೆ. ಗಾಳಿಯನ್ನು ನಿಲ್ಲಿಸಿದರೂ, ಗೇಜಿನ ಮುಳ್ಳು ಸೊನ್ನೆಗೆ ಬಂದರೂ ಕೊಳವೆಯೊಳಗೆ ಅಂಟಿನ ಒತ್ತಡ ಉಳಿದೇ ಇರುತ್ತದೆ. ಗೇಜು ತೋರಿಸುವುದು ಗಾಳಿಯನ್ನು ಮಾತ್ರ. ಫಿಲ್ಟರ್ ಬಿಚ್ಚುವ ಮುನ್ನ ಈ ವಾಲ್ವು ತೆರೆದು, ಕೆಳಗಿನ ಡಬ್ಬಕ್ಕೆ ಅಂಟು ಬಿಟ್ಟು ಒತ್ತಡ ಇಳಿಸಬೇಕು. ಹಿಡಿಕೆ ಕೊಳವೆಯ ಉದ್ದಕ್ಕೆ ಇದ್ದರೆ ವಾಲ್ವು ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ನಲ್ಲಿ ರಿಪೇರಿಯವರಿಗೂ ಗೊತ್ತಿರುವ ವಿಷಯ.

ಹಳೆಯ ವಾಲ್ವು ಸೋರುತ್ತಿತ್ತು. ಹೊಸದನ್ನು ಕೂರಿಸಿದೆ. ಅದರ ಹಿಡಿಕೆ ಸ್ವಲ್ಪ ಉದ್ದ. ಅಡ್ಡ ತಿರುಗಿಸುವಾಗ ಟ್ಯಾಂಕಿನ ಮೂಲೆಗೆ ತಗಲುತ್ತಿತ್ತು, ಪೂರ್ತಿ ಮುಚ್ಚುತ್ತಿರಲಿಲ್ಲ. ಹಿಡಿಕೆಯನ್ನು ಬಿಚ್ಚಿ, ಕಬ್ಬಿಣವನ್ನು ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಿ, ತುದಿಯನ್ನು ಎರಡು ಪೆಟ್ಟು ಹೊಡೆದು ಬಗ್ಗಿಸಿದ್ದರೆ ಮುಗಿಯುತ್ತಿತ್ತು. ವೈಸು ಶೆಡ್ಡಿನ ಆ ತುದಿಯಲ್ಲಿತ್ತು. ಪೂಜೆಗೆಂದು ಅದನ್ನಾಗಲೇ ತೊಳೆದು ಬಣ್ಣ ಹಚ್ಚಿದ್ದರು, ಬಣ್ಣ ಒಣಗಿರಲಿಲ್ಲ. ನಾನು ಹಿಡಿಕೆಯನ್ನು ಕಿತ್ತು ಕಾಲು ಸುತ್ತು ತಿರುಗಿಸಿ ಕೂರಿಸಿದೆ. ಈಗ ಅದು ಟ್ಯಾಂಕಿಲ್ಲದ ಬದಿಗೆ ತಿರುಗುತ್ತಿತ್ತು, ಎಲ್ಲಿಗೂ ತಗಲುತ್ತಿರಲಿಲ್ಲ. ಆದರೆ ಎಲ್ಲ ಉಲ್ಟಾ ಆಯಿತು. ಉದ್ದಕ್ಕೆ ನಿಂತರೆ ಮುಚ್ಚಿದೆ, ಅಡ್ಡ ನಿಂತರೆ ತೆರೆದಿದೆ.

ಈರಣ್ಣ ಬೂದುಗುಂಬಳಕಾಯಿ ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಟ್ಯಾಂಕಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದೆ: 'ಉದ್ದ — ಬಂದ್.' ನಾಳೆ ಪೂಜೆಗೆ ಬಂದಾಗ ಬಾಯಲ್ಲೂ ಹೇಳಿದರಾಯಿತು ಅಂದುಕೊಂಡೆ. ಪಂಪನ್ನು ಓಡಿಸಿ ನೋಡಿದಾಗ ಬಿಟ್ಟ ಅಂಟು ಕೆಳಗಿನ ಡಬ್ಬದಲ್ಲಿ ಅರ್ಧ ತುಂಬಿತ್ತು, ಅದನ್ನು ಹಾಗೇ ಬಿಟ್ಟೆ. ಕೆಲಸದ ಚೀಟಿಯಲ್ಲಿ ಬರೆದೆ — ಮತ್ತೆ ಶುರು ಮಾಡುವ ದಿನ ಬಿಸಿಯಾದ ಮೇಲೆ ಫಿಲ್ಟರ್ ಒಮ್ಮೆ ಬಿಚ್ಚಿ ಕರಕಲು ತೆಗೆಯುವುದು. ಹೌದು, ಫಿಲ್ಟರ್ ಬಿಚ್ಚಲು ಹೇಳಿದವನೂ ನಾನೇ.

ಮಾರನೆಯ ದಿನ ಹೋದೆ. ಬಾಳೆಕಂದು, ಮಾವಿನೆಲೆ, ಚೆಂಡುಹೂವು. ಟ್ಯಾಂಕನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಕನ್ನಡಿಯಂತೆ ಮಾಡಿದ್ದರು. ನಾನು ಬರೆದಿದ್ದ ಜಾಗದಲ್ಲಿ ಮೂರು ಎಳೆ ವಿಭೂತಿ, ನಡುವೆ ಕುಂಕುಮ.

ನಾನು ಅದನ್ನು ನೋಡಿದೆ. ಈ ಮಾತನ್ನು ಯಾರಿಗೂ ಹೇಳಿಲ್ಲ. ಅಕ್ಷರ ಅಳಿಸಿಹೋಗಿದೆಯೆಂದು ನನಗೆ ಗೊತ್ತಾಯಿತು, ಅಲ್ಲೇ, ಆ ಕ್ಷಣದಲ್ಲೇ. ಮರೆತೆ ಎಂದು ಹೇಳಿಕೊಳ್ಳಲೂ ಆಗದ ಹಾಗೆ.

ಈರಣ್ಣ ಪೊಟ್ಟಣದಲ್ಲಿ ಪುರಿ, ಕಡಲೆ, ಬಾಳೆಹಣ್ಣು ತಂದುಕೊಟ್ಟರು. "ತಗೋರಿ, ಡಾಕ್ಟರಿಗೆ ಮೊದಲ ಪ್ರಸಾದ."

"ಈರಣ್ಣ, ಆ ವಾಲ್ವ್ ಬಗ್ಗೆ ಒಂದ್ ಮಾತ್ ಹೇಳ್ಬೇಕಿತ್ತು —"

"ಏ, ಇವತ್ತ ಅದರ ಮೈ ಮುಟ್ಟಂಗಿಲ್ಲ, ಸುದ್ದೀನೂ ಎತ್ತಂಗಿಲ್ರಿ! ವರ್ಷಕ್ಕ ಒಂದಿನ ಅದಕ್ಕೂ ಸೂಟಿ ಬ್ಯಾಡೇನು?"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. "ಸರಿ, ನಾಡಿದ್ದು ಹೇಳ್ತೀನಿ ಬಿಡಿ" ಎಂದೆ. ಪೂಜೆಯಾದ ಯಂತ್ರವನ್ನು ಆ ದಿನ ಮುಟ್ಟಬಾರದು — ಅದು ಅವರ ನಂಬಿಕೆ. ಅದನ್ನು ಗೌರವಿಸಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಯಂತ್ರ ಮುಟ್ಟದೆಯೂ ಹೇಳಬಹುದಿತ್ತು. ಎರಡೇ ಮಾತು. ಎಲ್ಲರೆದುರು 'ಹಿಡಿಕೆ ಉಲ್ಟಾ ಹಾಕಿದೀನಿ' ಎನ್ನಲು ನಾಚಿಕೆಯಾಯಿತು. ಅಷ್ಟೇ ಕಾರಣ. ಬೇರೆ ಯಾವುದನ್ನೂ ಹುಡುಕುವುದಿಲ್ಲ.

ವಿಜಯದಶಮಿಯ ರಜೆ ಕಳೆದು ಆ ನಾಡಿದ್ದು ಬಂದಾಗ ನನ್ನನ್ನು ಕೆಂಗೇರಿ ಕಡೆಯ ಕೆಲಸಕ್ಕೆ ಕಳಿಸಿದರು. ಕಾರ್ಖಾನೆಯಲ್ಲಿ ಫೋನಿತ್ತು. ನಾನು ಮಾಡಲಿಲ್ಲ. ಹನ್ನೊಂದು ಗಂಟೆಗೆ ಕಾರ್ಖಾನೆಯವರೇ ಮಾಡಿದರು.

ನಾನು ತಲುಪುವ ಹೊತ್ತಿಗೆ ಈರಣ್ಣನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಕೆಲಸ ನಿಂತಿತ್ತು, ಜನ ಗೇಟಿನ ಹತ್ತಿರ ಗುಂಪಾಗಿದ್ದರು. ಯಂತ್ರದ ಬಳಿ ಯಾರೂ ಇರಲಿಲ್ಲ. ಫಿಲ್ಟರಿನ ಮುಚ್ಚಳ ದೂರ ಬಿದ್ದಿತ್ತು. ನೆಲದ ಮೇಲೆ ಚೆಲ್ಲಿದ ಅಂಟು ಹಳದಿಯಾಗಿ ಗಟ್ಟಿಯಾಗಿತ್ತು, ಅದರಲ್ಲಿ ಅಂಗಿಯ ತೋಳಿನ ಬಟ್ಟೆ... ಮೊನ್ನೆಯ ಚೆಂಡುಹೂವಿನ ಮಾಲೆ ಇನ್ನೂ ಟ್ಯಾಂಕಿನ ಮೇಲೇ ಇತ್ತು.

ಹಿಡಿಕೆ ಉದ್ದಕ್ಕೇ ಇತ್ತು. ನಾನು ಬಿಟ್ಟುಹೋದ ಹಾಗೆಯೇ.

ಏನಾಗಿದೆಯೆಂದು ನೋಡಿದ ತಕ್ಷಣ ತಿಳಿಯಿತು. ಅವರು ಗಾಳಿ ನಿಲ್ಲಿಸಿದ್ದಾರೆ, ಗೇಜು ನೋಡಿದ್ದಾರೆ. ಹಿಡಿಕೆ ಉದ್ದಕ್ಕಿದೆ, ಕೆಳಗಿನ ಡಬ್ಬದಲ್ಲಿ ಅಂಟೂ ಇದೆ — ಡಾಕ್ಟರು ಒತ್ತಡ ಇಳಿಸಿ, ವಾಲ್ವು ತೆರೆದಿಟ್ಟೇ ಹೋಗಿದ್ದಾರೆ ಎಂದು ನಂಬಿದ್ದಾರೆ. ನನ್ನ ಕೆಲಸವನ್ನು ನಂಬಿ ಫಿಲ್ಟರ್ ಬಿಚ್ಚಿದ್ದಾರೆ.

ಆಗ ನಾನು ಮಾಡಿದ್ದು ಇದು. ಚೀಲದಿಂದ ಸ್ಪ್ಯಾನರ್ ತೆಗೆದು ಹಿಡಿಕೆಯನ್ನು ಬಿಚ್ಚಿದೆ. ಶೆಡ್ಡಿನ ಆ ತುದಿಗೆ ನಡೆದು ವೈಸಿಗೆ ಸಿಕ್ಕಿಸಿ, ಎರಡು ಪೆಟ್ಟು ಹೊಡೆದು ಬಗ್ಗಿಸಿದೆ. ತಂದು ಸರಿಯಾದ ರೀತಿಯಲ್ಲಿ, ಅಡ್ಡಕ್ಕೆ ಕೂರಿಸಿದೆ. ಎಲ್ಲ ಸೇರಿ ನಾಲ್ಕೈದು ನಿಮಿಷ. ಮೊದಲ ದಿನ ನಾನು ಉಳಿಸಿದ ಸಮಯವೂ ಅಷ್ಟೇ. ವೈಸಿನ ಬಣ್ಣ ಒಣಗಿತ್ತು.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಬಂದರು. "ಏನ್ ಸಾರ್ ಇದು? ನಿಮ್ ರಿಪೇರಿ ತಪ್ಪಾ, ಇವ್ನ್ ತಪ್ಪಾ? ನೀವ್ ಏನ್ ಬರ್ಕೊಡ್ತೀರೋ ಅದೇ ಫೈನಲ್."

ಬರೆದುಕೊಟ್ಟೆ. 'ವಾಲ್ವಿನ ಹಿಡಿಕೆ ಮುಚ್ಚಿದ ಸ್ಥಿತಿಯಲ್ಲಿ, ಅಡ್ಡಲಾಗಿ ಕಂಡುಬಂದಿದೆ. ಆಪರೇಟರ್ ಒತ್ತಡ ಇಳಿಸದೆ ಫಿಲ್ಟರ್ ಬಿಚ್ಚಿದ್ದಾರೆ.' ಅಕ್ಷರ ದುಂಡಗೆ ಬಂದಿತ್ತು.

ಮೂರು ವಾರದ ಮೇಲೆ ಈರಣ್ಣ ಕಾರ್ಖಾನೆಗೆ ಬಂದರು. ಕೈಗೆ ಮೊಣಕೈವರೆಗೆ ಪಟ್ಟಿ. ಮ್ಯಾನೇಜರ್ ನನ್ನನ್ನೂ ಕರೆಸಿದ್ದರು. ಈರಣ್ಣ ಅವರತ್ತ ತಿರುಗಲೂ ಇಲ್ಲ, ನನ್ನನ್ನೇ ಕೇಳಿದರು. ಸಿಟ್ಟಿರಲಿಲ್ಲ.

"ಡಾಕ್ಟರ್, ಹಿಡಿಕಿ ಉದ್ದಕ್ಕ ಇತ್ರಿ. ನಾ ನೋಡೇನಿ. ಎರಡ ಸಲ ನೋಡೇನಿ. ನೀವ ಹೇಳ್ರಿ, ಉದ್ದಕ್ಕ ಇತ್ತಿಲ್ಲೋ?"

"ಇಲ್ಲ ಈರಣ್ಣ. ಅಡ್ಡ ಇತ್ತು. ನಾನೇ ಕಣ್ಣಾರೆ ನೋಡ್ದೆ."

ಅವರು ನನ್ನ ಮುಖ ನೋಡಿದರು. ನನ್ನ ಸುಳ್ಳನ್ನು ಹಿಡಿಯುತ್ತಾರೆ ಎಂದುಕೊಂಡೆ. ಹಿಡಿಯಲಿ ಎಂದೂ — ಗೊತ್ತಿಲ್ಲ, ಅಂದುಕೊಂಡೆನೋ ಇಲ್ಲವೋ. ಅವರು ಹೇಳಿದ್ದು ಇಷ್ಟು:

"ನೀವು ಹೇಳ್ತೀರಂದ್ರ ಇರಬೇಕ್ರಿ. ನನ್ನ ಕಣ್ಣಿಗೇ ಏನೋ ಆಗೇತಿ."

ಎರಡು ಬೆರಳು ಮಡಚಿಕೊಂಡೇ ಉಳಿದವು. ಅವರನ್ನು ಯಂತ್ರದಿಂದ ತೆಗೆದು ಪೆಟ್ಟಿಗೆ ಎಣಿಸುವ ಕಡೆ ಹಾಕಿದರು. ಅಲ್ಲಿ ಒಂದೇ ಕಟ್ಟನ್ನು ಮೂರು ಮೂರು ಸಲ ಎಣಿಸುತ್ತಾರೆಂದು ಉಳಿದವರು ಆಡಿಕೊಂಡರು. ಕೆಲವು ತಿಂಗಳಿಗೆ ಅವರೇ ಕೆಲಸ ಬಿಟ್ಟರು. ನಾನು ಬೇರೆ ಕಂಪನಿ ಸೇರಿದೆ. ಅವರು ಮರೆತಿರುತ್ತಾರೆ ಎಂದು ಭಾವಿಸುವುದು ನನಗೆ ಅನುಕೂಲವಾಗಿತ್ತು.

ಕಳೆದ ತಿಂಗಳು ವಿಜಯನಗರದ ಬಸ್ ಸ್ಟಾಪಿನಲ್ಲಿ ಅವರನ್ನು ಕಂಡೆ. ಮೆಟ್ರೋ ಕಂಬಗಳಿಗೆ ಗುಂಡಿ ತೋಡಿ ರಸ್ತೆಯೆಲ್ಲ ಧೂಳಾಗಿತ್ತು. ಈರಣ್ಣ ನನ್ನನ್ನು ನೋಡಲಿಲ್ಲ. ಬಸ್ಸು ಬಂತು. ಅದರ ಹಣೆಯ ಮೇಲೆ ದೊಡ್ಡದಾಗಿ 'ಕೆಂಗೇರಿ' ಎಂದು ಬರೆದಿತ್ತು. ಅವರು ಬೋರ್ಡನ್ನು ಓದಿದರು. ತುಟಿ ಅಲುಗಿದ್ದು ನನಗೆ ಕಾಣಿಸಿತು. ಆಮೇಲೆ ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದರು: "ಅಕ್ಕಾರ, ಇದು ಕೆಂಗೇರಿ ಬಸ್ ಏನ್ರಿ?" ಆಕೆ ಹೌದೆಂದಳು. ಹತ್ತುವಾಗ ಕಂಡಕ್ಟರನ್ನೂ ಕೇಳಿದರು. "ಬೋರ್ಡ್ ಕಾಣ್ಸಲ್ವಾ ಯಜಮಾನ್ರೇ? ಹತ್ತಿ ಹತ್ತಿ" ಎಂದು ಅವನು ರೇಗಿದ.

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಕಣ್ಣನ್ನು ನಂಬುವುದನ್ನು ಬಿಟ್ಟಿದ್ದರು. ಅಂಟು ಸುಟ್ಟದ್ದು ಕೈಯನ್ನು. ಇದನ್ನು ಮಾಡಿದ್ದು ನನ್ನ ಒಂದು ಮಾತು.

ಹಳೆಯ ಕಾರ್ಖಾನೆಯಲ್ಲಿ ವಿಳಾಸ ಕೇಳಿ, ಹೋದ ಭಾನುವಾರ ಬೆಳಿಗ್ಗೆ ಬಾಪೂಜಿ ನಗರದ ಅವರ ಮನೆಗೆ ಹೋದೆ. ವಠಾರದ ಕೊನೆಯ ಮನೆ. ಈರಣ್ಣನವರಿಗೆ ಸಂತೋಷವಾಯಿತು — ನಿಜವಾದ ಸಂತೋಷ. "ಡಾಕ್ಟರ್ ಬಂದಾರ ನೋಡ" ಎಂದು ಹೆಂಡತಿ ಗಂಗವ್ವನಿಗೆ ಕೂಗಿ ಹೇಳಿದರು. ಆಕೆ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತರು.

ಎಲ್ಲ ಹೇಳಿದೆ. ವೈಸು, ಸೀಮೆಸುಣ್ಣ, ವಿಭೂತಿ, ಸ್ಪ್ಯಾನರ್. ಕೊನೆಗೆ ಹೇಳಿದೆ: "ನೀವು ನೋಡಿದ್ದು ಸರಿ ಈರಣ್ಣ. ಹಿಡಿಕೆ ಉದ್ದಕ್ಕೇ ಇತ್ತು. ನಾನು ಸುಳ್ಳು ಹೇಳ್ದೆ."

ಅವರು ತಲೆ ಅಲ್ಲಾಡಿಸುತ್ತ ಕೇಳುತ್ತಿದ್ದರು. ಮುಗಿದ ಮೇಲೆ, ಮಡಚಿದ ಬೆರಳುಗಳ ಆ ಕೈಯನ್ನೇ ನನ್ನ ಕೈಮೇಲೆ ಇಟ್ಟರು.

"ದೊಡ್ಡ ಮನಸ್ಸು ನಿಮ್ದು. ನನಗ ಸಮಾಧಾನ ಆಗ್ಲಿ ಅಂತ ಇಷ್ಟ ದೂರ ಬಂದು, ತಪ್ಪ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಬ್ಯಾಡ್ರಿ. ಅಡ್ಡ ಇತ್ತು. ನೀವ ಬರದು ಕೊಟ್ಟೀರಲ್ಲ."

"ಅದು ಸುಳ್ಳು ಈರಣ್ಣ —"

"ಇರಲಿ ಬಿಡ್ರಿ. ಕಾಫಿ ಆರತೈತಿ."

ನಾನು ಮತ್ತೆ ಹೇಳಿದೆ. ಆಣೆ ಮಾಡಿದೆ. ಅವರು ಮುಗುಳ್ನಗುತ್ತಲೇ ಇದ್ದರು, ಹಟ ಹಿಡಿದ ಮಗುವಿನ ಎದುರು ಕೂತ ಹಾಗೆ. ತೋರಿಸಲು ನನ್ನ ಬಳಿ ಏನಿತ್ತು? ಇದ್ದ ಒಂದೇ ಸಾಕ್ಷಿಯನ್ನು ನಾನೇ ಬಗ್ಗಿಸಿ ತಿರುಗಿಸಿ ಕೂರಿಸಿದ್ದೆ. ಅವರು ತಮ್ಮ ಕಣ್ಣಿಗಿಂತ ಹೆಚ್ಚು ನಂಬಿದ್ದು ನನ್ನ ಆ ಹಳೆಯ ಮಾತನ್ನು. ಈಗಿನ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಗಂಗವ್ವ ನಂಬಿದರು. ಬಾಗಿಲಿನಿಂದ ಒಳಗೆ ಬಂದು, ನಾನಿನ್ನೂ ಬಾಯಿಗಿಡದ ಕಾಫಿಯ ಲೋಟವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದರು.

ಅದಕ್ಕೇ ಇದನ್ನು ಬರೆದಿದ್ದೇನೆ. ಅಂದು ಬರೆದ ಕಾಗದಕ್ಕೆ ಎದುರಾಗಿ ಇನ್ನೊಂದು ಕಾಗದ ಇರಲಿ ಎಂದು. ಇದನ್ನು ಗಂಗವ್ವನ ಕೈಗೆ ಕೊಡುತ್ತೇನೆ, ಹಳೆಯ ಕಾರ್ಖಾನೆಗೂ ಕೊಡುತ್ತೇನೆ. ಇದರಿಂದ ಈರಣ್ಣನವರಿಗೆ ಏನಾದರೂ ವಾಪಸು ಸಿಗುತ್ತದೆಂಬ ನಂಬಿಕೆ ನನಗಿಲ್ಲ.

ಆ ದಿನ ನಾನು ಹೊರಟಾಗ ಈರಣ್ಣ ಹೊಸ್ತಿಲವರೆಗೆ ಬಂದು ಬೀಳ್ಕೊಟ್ಟರು. ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ನನಗೆ ಹೊರಗೆ, ಅಂಗಳದಲ್ಲಿ, ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಒಳಗಿನಿಂದ ಅವರ ದನಿ —

"ಗಂಗಾ, ಚಿಲಕ ಬಿದ್ದೈತೇನು, ಒಂದೀಟ ನೋಡ."